ರಾಕ್ಷಸನನ್ನು ಮಲಗಿಸಿದ ಮಕ್ಕಳು

ಮಕ್ಕಳ ನಾಟಕಕ್ಕೆ ಉದ್ದನೆಯ ಬೆಲ್ ಹೊಡೆಯಬಾರದು ಎಂದು ನನಗೆ ಗೊತ್ತಾಗಿದ್ದು ಮಾಲೂರಿನಲ್ಲಿ. ಮೂರನೆಯ ಬೆಲ್ ಕೇಳಿಸಿದ್ದೇ ತಡ, ಕಲ್ಯಾಣ ಮಂಟಪದಲ್ಲಿ ಕೂತಿದ್ದ ಮಕ್ಕಳಲ್ಲಿ ಅರ್ಧಕ್ಕರ್ಧ ಎದ್ದು ಬಾಗಿಲ ಕಡೆ ಓಡಿದರು. ಅವರ ಶಾಲೆಯಲ್ಲಿ ಉದ್ದ ಬೆಲ್ ಅಂದರೆ ಮನೆಗೆ ಹೋಗುವ ಹೊತ್ತು. ಟೀಚರುಗಳು ಅಡ್ಡ ನಿಂತು, ಕೈಹಿಡಿದು ಎಳೆತಂದು ಕೂರಿಸುವಷ್ಟರಲ್ಲಿ ರಂಗದ ಮೇಲೆ ಮೊದಲ ಹಾಡು ಮುಗಿದೇ ಹೋಗಿತ್ತು. ಹಾರ್ಮೋನಿಯಂ ನುಡಿಸುವವರು ನನ್ನ ಕಡೆ ತಿರುಗಿ, ಮತ್ತೆ ಶುರು ಮಾಡಲಾ ಎಂದು ಕಣ್ಣಲ್ಲೇ ಕೇಳಿದರು. ಬೇಡವೆಂದು ತಲೆಯಾಡಿಸಿದೆ.

ನಮ್ಮ ನಾಟಕ ತಂಡದ ಆ ತಿರುಗಾಟಕ್ಕೆ ನಾನು ರಂಗನಿರ್ವಾಹಕಿ. ಬೆಲ್ ಹೊಡೆಯುವುದು, ದೀಪದವರಿಗೆ ಸನ್ನೆ ಕೊಡುವುದು, ನಟರನ್ನು ಹೊತ್ತಿಗೆ ಸರಿಯಾಗಿ ಒಳಗೆ ಬಿಡುವುದು ನನ್ನ ಕೆಲಸ. ಜನ ಸಾಲದ್ದರಿಂದ ಪ್ರೇಕ್ಷಕರನ್ನು ಕೂರಿಸುವುದೂ ನನ್ನ ತಲೆಗೇ ಬಂದಿತ್ತು. ಮಾಲೂರು, ಶ್ರೀನಿವಾಸಪುರ, ಮುಳಬಾಗಿಲು, ಕೊನೆಗೆ ಕೋಲಾರ. ಸುತ್ತಲಿನ ಶಾಲೆ, ಅಂಗನವಾಡಿಗಳ ಮಕ್ಕಳಿಗೆ ಬೆಳಗಿನ ಹೊತ್ತು ಹಾಡಿನ ನಾಟಕ. ಧ್ವನಿಮುದ್ರಿತ ಸಂಗೀತ ಇಲ್ಲ. ಹಾರ್ಮೋನಿಯಂ, ತಬಲ, ನಟರ ಗಂಟಲು, ಅಷ್ಟೇ. ಟೊಮೆಟೊ ಸಾಗಿಸುವ ಟೆಂಪೊ ಒಂದರಲ್ಲಿ ನಮ್ಮ ಪರದೆ, ದೀಪ, ಪೆಟ್ಟಿಗೆಗಳು ಊರಿಂದೂರಿಗೆ ಹೋಗುತ್ತಿದ್ದವು. ವೇಷದ ಬಟ್ಟೆಗಳೆಲ್ಲ ಕೊಳೆತ ಟೊಮೆಟೊ ವಾಸನೆ ಹಿಡಿದಿದ್ದವು.

ಕಥೆ ಸರಳ. ಮಾವಿನ ತೋಪಿನಲ್ಲಿ ಒಬ್ಬ ರಾಕ್ಷಸ. ಅವನಿಗೆ ನಿದ್ದೆ ಬರುವುದಿಲ್ಲ. ನಿದ್ದೆಗೆಟ್ಟ ಸಿಟ್ಟಿನಲ್ಲಿ ಊರಿನ ಮೇಲೆ ಬೀಳುತ್ತಾನೆ. ದೊಡ್ಡವರೆಲ್ಲ ಕೋಲು, ಕತ್ತಿ ಹಿಡಿದು ಸೋತ ಮೇಲೆ ಊರಿನ ಮಕ್ಕಳು ಜೋಗುಳ ಹಾಡಿ ಅವನನ್ನು ಮಲಗಿಸುತ್ತಾರೆ. ಅವನು ನಿದ್ದೆ ಹೋದ ಮೇಲೆ ರಂಗದಲ್ಲಿ ಒಂದಿಷ್ಟು ಹೊತ್ತು ಪೂರ್ತಿ ಮೌನ. ಆಮೇಲೆ ಅವನೇ ಕಣ್ಣುಬಿಟ್ಟು "ಬೆಳಗಾಯಿತೇ?" ಅನ್ನಬೇಕು. ನಾಟಕ ನಿಂತಿರುವುದೇ ಆ ಮೌನದ ಮೇಲೆ.

ರಾಕ್ಷಸನ ಪಾತ್ರ ಮಾಡುತ್ತಿದ್ದವರು ಕಂಪನಿ ನಾಟಕಗಳಲ್ಲಿ ಪಳಗಿದ ಹಿರಿಯ ನಟರು. ನಾವೆಲ್ಲ ಅಣ್ಣಾ ಎಂದೇ ಕರೆಯುತ್ತಿದ್ದೆವು. ವಯಸ್ಸಾಗಿತ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಆದರೆ ಬಾಯಿ ತೆರೆದು ಹಾಡಿದರೆ ಮೈಕ್ ಬೇಕಿರಲಿಲ್ಲ.

ಮಾಲೂರಿನಲ್ಲಿ ಅವರು ರಂಗಕ್ಕೆ ಬಂದ ಕೂಡಲೇ ಮುಂದಿನ ಸಾಲಿನ ಚಿಕ್ಕ ಮಕ್ಕಳು ಕಿರುಚಿಕೊಂಡರು. ಅದು ನಿರೀಕ್ಷಿತ. ಆದರೆ ಕಿರುಚಾಟ ನಿಂತ ಮೇಲೂ ಒಂದು ಗುಂಯ್‌ಗುಡುವ ಸದ್ದು ಉಳಿಯಿತು. ಅವರು ಹಾಡುತ್ತಿದ್ದಷ್ಟು ಹೊತ್ತೂ ಅದು ಸಭಾಂಗಣದ ತುಂಬ ಹಬ್ಬಿಕೊಂಡೇ ಇತ್ತು. ಎರಡನೆಯ ಚರಣದ ನಡುವೆ ಅವರು ಕೈಯೆತ್ತಿ ಹಾರ್ಮೋನಿಯಂ ನಿಲ್ಲಿಸಿದರು. ಕೋರೆಹಲ್ಲು, ಕೆಂಪು ಬಣ್ಣ ಹಾಗೇ ಇದ್ದಂತೆ ರಂಗದ ಅಂಚಿಗೆ ಬಂದು ನಿಂತರು.

"ಏಯ್! ಇದೇನು ಸಂತೆನಾ? ಬಾಯ್ ಮುಚ್ಕೊಂಡು ಕೂತ್ಕೊಳಕ್ಕೆ ಆಗಲ್ವಾ?"

ಅದು ನಾಟಕದ ಮಾತಲ್ಲ ಎಂದು ಮಕ್ಕಳಿಗೆ ಹೇಗೋ ತಿಳಿದುಬಿಟ್ಟಿತು. ಉಸಿರಾಡುವ ಸದ್ದೂ ಇಲ್ಲದಂತಾಯಿತು. ಒಂದು ಮಗು ಕೂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಅದರ ಅಜ್ಜಿ ಮಗುವನ್ನೆತ್ತಿ ಸೊಂಟಕ್ಕೇರಿಸಿಕೊಂಡು ಬಾಗಿಲಲ್ಲಿದ್ದ ನನ್ನ ಹತ್ತಿರ ಬಂದರು.

"ಹೆದರ್‍ಸೋದಕ್ಕೆ ಕರೆಸಿದ್ರೇನಮ್ಮಾ ನಮ್ಮನ್ನ?"

 ನಾನು ಅವರ ಚಪ್ಪಲಿ ಹುಡುಕಿ ಕೊಟ್ಟೆ.

ಗ್ರೀನ್ ರೂಮಿನಲ್ಲಿ ಅಣ್ಣ ಕೊಬ್ಬರಿ ಎಣ್ಣೆಯಿಂದ ಬಣ್ಣ ತೆಗೆಯುತ್ತ ನನ್ನ ಮೇಲೆ ಹರಿಹಾಯ್ದರು. "ಅತ್ರೆ ಅಳಲಿ ಕಣಮ್ಮಾ, ಕೆಮ್ಮಿದ್ರೆ ಕೆಮ್ಮಲಿ. ಹಾಡ್ತಿರೋವಾಗ ಪಕ್ಕದೋರ ಜೊತೆ ಮಾತಾಡೋದು ಯಾವ ಸೀಮೆ ಮರ್ಯಾದೆ? ಇನ್ನೊಂದ್ಸಲ ಹಿಂಗಾದ್ರೆ ನಾನು ಬಣ್ಣ ಒರೆಸ್ಕೊಂಡು ಬಸ್ ಹತ್ತುತೀನಿ. ನೀವೇ ಯಾರಾದ್ರೂ ರಾಕ್ಷಸ ಆಗ್ರಿ."

ಅವರು ಹೋದರೆ ತಿರುಗಾಟ ಅಲ್ಲಿಗೇ ಮುಗಿದಂತೆ. ಆ ಹಾಡುಗಳನ್ನು ಹಾಡಬಲ್ಲ ಇನ್ನೊಬ್ಬರು ನಮ್ಮಲ್ಲಿರಲಿಲ್ಲ. ಪರದೆ ಮಡಚಿ ಟೆಂಪೊಗೆ ತುಂಬುತ್ತ, ಶ್ರೀನಿವಾಸಪುರದಲ್ಲಿ ಏನೇನು ಬದಲಾಯಿಸಬೇಕೆಂದು ಯೋಚಿಸಿದೆ. 

ಶ್ರೀನಿವಾಸಪುರದಲ್ಲಿ ನಾನು ಬಿಗಿ ಮಾಡಿದೆ. ತೀರಾ ಚಿಕ್ಕವರನ್ನು ಹಿಂದೆ, ಬಾಗಿಲ ಪಕ್ಕ, ಅಮ್ಮಂದಿರ ಜೊತೆ ಕೂರಿಸಿದೆ. ಪ್ರತಿ ಸಾಲಿನ ಕೊನೆಗೂ ಒಬ್ಬ ಟೀಚರ್. ತಿಂಡಿ ಪೊಟ್ಟಣಗಳು ಹೊರಗೆ. ಬೆಲ್ ಬದಲು ತಬಲದ ಮೇಲೆ ಒಂದು ಸಣ್ಣ ನುಡಿಕೆ. ಶುರುವಿಗೆ ಮುಂಚೆ ಮೈಕಿನಲ್ಲಿ, ಯಾರೂ ಮಾತಾಡಬಾರದು, ಏಳಬಾರದು ಎಂದು ಹೇಳಿದೆ. ಒಂದಿಬ್ಬರು ಮೇಷ್ಟ್ರುಗಳು ಶಾಲೆಯಿಂದಲೇ ಬೆತ್ತ ತಂದಿದ್ದರು.

ಸದ್ದಾಗಲಿಲ್ಲ. ಮೊದಲ ತಮಾಷೆಯ ಮಾತಿಗೆ ನಡುಸಾಲಿನ ಒಬ್ಬ ಹುಡುಗಿ ಜೋರಾಗಿ ನಕ್ಕಳು. ಮೇಷ್ಟ್ರು ಕೈಚಾಚಿ ಅವಳ ತಲೆಗೆ ಮೊಟಕಿದರು. ಆಮೇಲೆ ಆ ಸಭಾಂಗಣದಲ್ಲಿ ಯಾರೂ ನಗಲಿಲ್ಲ. ಊರ ಗೌಡ ರಾಕ್ಷಸನನ್ನು ಕಂಡು ಪಂಚೆ ಬಿಟ್ಟು ಓಡುವ ದೃಶ್ಯಕ್ಕೂ ನಗಲಿಲ್ಲ. ಮಕ್ಕಳು ರಂಗ ನೋಡುವುದನ್ನು ಬಿಟ್ಟು ಸಾಲಿನ ಕೊನೆಯತ್ತ ಕಣ್ಣಿಟ್ಟಿದ್ದರು. ಜೋಗುಳದ ನಂತರದ ಮೌನ, ನಾವು ತಾಲೀಮಿನಲ್ಲಿ ಅಷ್ಟು ಕಷ್ಟಪಟ್ಟು ಕಟ್ಟಿದ್ದ ಮೌನ, ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಮೊದಲಿಂದಲೂ ಇದ್ದದ್ದು ಅದೇ ತಾನೆ.

ಹೊರಗೆ ಹೋಗುವಾಗ ಬಾಗಿಲಲ್ಲಿ ಒಂದು ಮಗು ಟೀಚರ್ ಸೆರಗು ಹಿಡಿದು ಕೇಳಿತು: "ಮಿಸ್, ಈಗ ಮಾತಾಡ್ಬೋದಾ?"

ಅಣ್ಣ ಅಂದು ನನ್ನನ್ನು ಬೈಯಲಿಲ್ಲ. ಕನ್ನಡಿಯ ಮುಂದೆ ತುಂಬ ಹೊತ್ತು ಬಣ್ಣ ತೆಗೆಯದೆ ಕೂತಿದ್ದರು. "ಗಲಾಟೆನೂ ಇಲ್ಲ, ನಾಟಕಾನೂ ಇಲ್ಲ" ಎಂದಷ್ಟೇ ಅಂದರು. ಹಾರ್ಮೋನಿಯಂನವರು ಪೆಟ್ಟಿಗೆ ಮುಚ್ಚುತ್ತ, "ಗೋಡೆಗೆ ಹಾಡಿದಂಗಾಯ್ತು" ಎಂದು ಗೊಣಗಿದರು. ನನಗೆ ಯಾವ ಕಡೆಯಿಂದ ನೋಡಿದರೂ ಸೋಲೇ ಕಂಡಿತು. ಬಿಟ್ಟರೆ ನಟರು ಹಾಡಲಾರರು. ಹಿಡಿದರೆ ಮಕ್ಕಳು ನೋಡಲಾರರು.

ಮುಳಬಾಗಿಲಿನ ದಿನ, ಆ ಗುಂಯ್‌ಗುಡುವ ಸದ್ದು ಎಲ್ಲಿಂದ ಹುಟ್ಟುತ್ತದೆ ಎಂದು ಒಮ್ಮೆ ಕೇಳಿಸಿಕೊಳ್ಳಬೇಕೆನಿಸಿತು. ಸೈಡ್‌ವಿಂಗಿನ ಕೆಲಸವನ್ನು ಇನ್ನೊಬ್ಬ ನಟಿಗೆ ಒಪ್ಪಿಸಿ, ಜಮಖಾನದ ಮೇಲೆ ಮಕ್ಕಳ ನಡುವೆ ಹೋಗಿ ಕೂತೆ. ಟೀಚರುಗಳಿಗೆ, ಇವತ್ತು ನೀವೂ ಆರಾಮಾಗಿ ನಾಟಕ ನೋಡಿ ಎಂದು ಮೊದಲೇ ಹೇಳಿದ್ದೆ. ನನ್ನ ಪಕ್ಕ ಆಂಧ್ರದ ಗಡಿಗೆ ಹತ್ತಿರದ ಬೈರಕೂರು ಕಡೆಯಿಂದ ಬಂದ ಶಾಲೆಯ ಹುಡುಗಿ. ಅವಳ ತೊಡೆಯ ಮೇಲೆ ಅಂಗನವಾಡಿಗೆ ಹೋಗುವ ತಮ್ಮ.

ಅಣ್ಣ ರಂಗಕ್ಕೆ ಬಂದು ಹಾಡು ತೆಗೆದರು. ತಮ್ಮ ಅಕ್ಕನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡ.

"ಏಮಂಟಾಂಡಾಡು ಅಕ್ಕಾ?"

ಏನಂತಿದ್ದಾನೆ ಎಂದು ಅವನ ಪ್ರಶ್ನೆ. ಅವಳು ರಂಗದಿಂದ ಕಣ್ಣು ತೆಗೆಯದೆ ಅವನ ಕಿವಿಯಲ್ಲಿ ಹೇಳಿದಳು: "ನಿದ್ರ ರಾಲೇದಂಟ." ನಿದ್ದೆ ಬರಲಿಲ್ಲವಂತೆ.

ಅಣ್ಣ ಮುಂದಿನ ಸಾಲು ಹಾಡಿದರು. ಅವಳು ಅದನ್ನೂ ಹೇಳಿದಳು. ನಾನು ಕಿವಿಗೊಟ್ಟು ಹಿಂದಿನ ಸಾಲು ಕೇಳಿದೆ, ಮುಂದಿನ ಸಾಲು ಕೇಳಿದೆ. ಎಲ್ಲ ಕಡೆಯೂ ಅದೇ. ಕನ್ನಡ ಬರುವ ಅಕ್ಕಂದಿರು, ಅಣ್ಣಂದಿರು, ಇನ್ನೂ ಬಾರದ ಚಿಕ್ಕವರಿಗೆ ಹಾಡನ್ನು ಸಾಲುಸಾಲಾಗಿ ತೆಲುಗಿನಲ್ಲಿ ದಾಟಿಸುತ್ತಿದ್ದರು. ನಡುನಡುವೆ "ವೇಷಮೇಲೇ, ಭಯಪಡೊದ್ದು" ಎನ್ನುವ ಸಮಾಧಾನ. ಅದು ಬರೀ ವೇಷ, ಹೆದರಬೇಡ ಅಂತ. ನಮ್ಮ ಮನೆಯಲ್ಲೂ ಮಾತು ತೆಲುಗೇ. ನಾನೂ ಹೀಗೆ ಯಾರದೋ ಪಿಸುಮಾತಿನಿಂದಲೇ ಕನ್ನಡ ಕಲಿತವಳು. ಬಾಗಿಲಲ್ಲಿ ನಿಂತಿದ್ದಾಗ ಅದು ನನಗೆ ಬರೀ ಸದ್ದಾಗಿ ಕೇಳಿತ್ತು.

ಅಷ್ಟರಲ್ಲಿ ರಂಗದ ಮೇಲೆ ಅಣ್ಣನ ಮುಖ ಬಿಗಿಯುವುದು ಕಂಡಿತು. ಅದೇ ಎರಡನೆಯ ಚರಣ. ಅವರ ಬಲಗೈ ಮೇಲೇಳತೊಡಗಿತು. ಹಾರ್ಮೋನಿಯಂ ನಿಲ್ಲಿಸಿದರೆ ಮಾಲೂರಿನದೇ ಕಥೆ. ನಾನು ಮಕ್ಕಳ ನಡುವೆ ಎದ್ದು ನಿಂತೆ. ಎಷ್ಟೋ ವರ್ಷಗಳ ಕೆಲಸದಲ್ಲಿ ನಾಟಕ ನಡೆಯುವಾಗ ಹಾಗೆ ಎದ್ದು ನಿಂತವಳಲ್ಲ. ಅವರ ಕಡೆ ಎರಡೂ ಕೈ ಜೋಡಿಸಿದೆ. ಅವರು ನೋಡಿದರು. ಕೈ ಅರ್ಧದಲ್ಲೇ ನಿಂತು, ಅಭಿನಯವೇನೋ ಎಂಬಂತೆ ಹಣೆಗೆ ಹೋಯಿತು. ಹಾಡು ಮುಂದುವರಿಯಿತು. ಹಿಂದಿನಿಂದ ಒಬ್ಬ ಹುಡುಗ ನನ್ನ ಸೀರೆ ಎಳೆದು, "ಕೂತ್ಕೊಳ್ಳಿ ಆಂಟಿ, ಕಾಣ್ಸಲ್ಲ" ಅಂದ.

ಗ್ರೀನ್ ರೂಮಿಗೆ ಹೋದಾಗ ಅಣ್ಣ ಕಾಯುತ್ತಲೇ ಇದ್ದರು.

"ಏನಮ್ಮಾ ಅದು? ನನಗೆ ಸನ್ನೆ ಮಾಡ್ತೀಯಾ?"

"ಅಣ್ಣಾ, ಅವರು ಮಾತಾಡ್ತಿದ್ದದ್ದು ನಿಮ್ಮ ಹಾಡನ್ನೇ."

"ಏನು?"

"ನೀವು ಕನ್ನಡದಲ್ಲಿ ಹಾಡ್ತಿದ್ರಿ. ಅವರು ಅದನ್ನ ತಮ್ಮಂದಿರಿಗೆ ತೆಲುಗಲ್ಲಿ ಹೇಳ್ತಿದ್ರು. ಒಂದು ಸಾಲೂ ಬಿಡ್ಲಿಲ್ಲ ಅಣ್ಣಾ. ನಾನು ಪಕ್ಕದಲ್ಲೇ ಕೂತು ಕೇಳಿದ್ದೀನಿ."

ಅವರು ಎಣ್ಣೆಯ ಬಟ್ಟೆಯನ್ನು ಕೈಯಲ್ಲಿ ಹಿಡಿದು ಹಾಗೇ ಕೂತರು. ನಾನು ಅದೇ ಬಿಸಿಯಲ್ಲಿ ನನ್ನ ಯೋಜನೆಯನ್ನೆಲ್ಲ ಹೇಳಿಬಿಟ್ಟೆ. ಕೋಲಾರದಲ್ಲಿ ನಾಟಕಕ್ಕೆ ಮುಂಚೆ ನೀವು ಬಣ್ಣವಿಲ್ಲದ ಮುಖದಲ್ಲಿ ರಂಗಕ್ಕೆ ಬನ್ನಿ. ಮಕ್ಕಳ ಎದುರಿಗೇ ಬಣ್ಣ ಹಚ್ಚಿಕೊಳ್ಳಿ. ಅಷ್ಟರಲ್ಲಿ ನಾನು ಎರಡೂ ಭಾಷೆಯಲ್ಲಿ ಕಥೆ ಹೇಳುತ್ತೇನೆ, ಜೋಗುಳದ ಪಲ್ಲವಿ ಕಲಿಸುತ್ತೇನೆ. ಎಲ್ಲಿ ಸುಮ್ಮನಿರಬೇಕು, ಯಾಕೆ ಸುಮ್ಮನಿರಬೇಕು ಅನ್ನುವುದನ್ನೂ ಹೇಳುತ್ತೇನೆ. ಪ್ರತಿ ಚರಣದ ಕೊನೆಗೆ ಹಾರ್ಮೋನಿಯಂ ಒಂದು ಸುತ್ತು ಹೆಚ್ಚಿಗೆ ನುಡಿಯಲಿ. ಹೇಳಿಕೊಡುವವರು ಆ ಹೊತ್ತಿನಲ್ಲಿ ಹೇಳಿಕೊಳ್ಳಲಿ.

"ಬಣ್ಣ ಹಚ್ಚೋದನ್ನೇ ತೋರಿಸಿಬಿಟ್ರೆ ಇನ್ನೇನಮ್ಮಾ ಉಳೀತು?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕಿಂತ ಕಷ್ಟವಾದದ್ದೇನೋ ಇತ್ತು. "ನನ್ನ ಹೆಂಡ್ತಿ ಕೂಡ ನಾನು ಬಣ್ಣ ಹಚ್ಚೋದನ್ನ ನೋಡಿಲ್ಲ."

ಒಪ್ಪಿದೆ ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. ನಾನು ಮತ್ತೆ ಕೇಳುವ ಧೈರ್ಯ ಮಾಡಲಿಲ್ಲ.

ಕೋಲಾರದ ಬೆಳಿಗ್ಗೆ ಗ್ರೀನ್ ರೂಮಿಗೆ ಹೋದರೆ ಅವರ ಕುರ್ಚಿ ಖಾಲಿ, ಬಣ್ಣದ ಪೆಟ್ಟಿಗೆ ಇಲ್ಲ, ಇಡ್ಲಿ ಪೊಟ್ಟಣ ಮಾತ್ರ ಹಾಗೇ ಇತ್ತು. ಬಸ್ ಹತ್ತಿಬಿಟ್ಟರು ಅಂದುಕೊಂಡೆ.  ಹಾರ್ಮೋನಿಯಂನವರನ್ನು ಕೇಳೋಣವೆಂದು ರಂಗಕ್ಕೆ ಬಂದರೆ, ಅಣ್ಣ ನಡುರಂಗದಲ್ಲಿ ಮೇಜಿನ ಮೇಲೆ ಕನ್ನಡಿ ನಿಲ್ಲಿಸಿಕೊಂಡು, ಬನಿಯನ್‌ನಲ್ಲಿ ಕೂತಿದ್ದರು.

"ಇಲ್ಲಿ ಕೂತ್ರೆ ಹಿಂದಿನೋರಿಗೂ ಕಾಣುತ್ತಾ ನೋಡು" ಅಂದರು.

ವೇಮಗಲ್, ಸುಗಟೂರು ಕಡೆಯ ಶಾಲೆಗಳ ಮಕ್ಕಳು ಒಳಗೆ ಬಂದಾಗ ಮೊದಲು ಕಂಡದ್ದು ಅವರನ್ನೇ. ಓಡಾಡುತ್ತಿದ್ದವರು ನಿಂತು ನೋಡಿದರು. ಅವರು ಮುಖಕ್ಕೆ ಹಳದಿ ಬಳಿದರು, ಹುಬ್ಬಿಗೆ ಕಪ್ಪು ತೀಡಿದರು, ಕೆನ್ನೆಗೆ ಕೆಂಪು. ನಾನು ಪಕ್ಕದಲ್ಲಿ ನಿಂತು ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ ಕಥೆ ಹೇಳುತ್ತ ಹೋದೆ.

"ತಾತಾ, ಹಲ್ಲು ನಿಜಾನಾ?" ಮುಂದಿನ ಸಾಲಿನಿಂದ ಒಂದು ಪ್ರಶ್ನೆ ಬಂತು.

ಅಣ್ಣ ಕೋರೆಹಲ್ಲು ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು. ಮತ್ತೆ ಹಾಕಿಕೊಂಡರು. "ಈಗ ನಿಜ" ಅಂದರು. ಸಭಾಂಗಣ ಕೇಕೆ ಹಾಕಿತು. ಕೊನೆಗೆ ಕೂದಲಿನ ಟೋಪನ್ನು ತಲೆಗೇರಿಸಿ ಎದ್ದು ನಿಂತಾಗ ಒಂದು ಪುಟ್ಟ ದನಿ ಕೇಳಿತು: "ತಾತ ಎಲ್ಲೋದ್ರು?" ಬಣ್ಣ ಹಚ್ಚುವುದನ್ನು ತೋರಿಸಿದರೆ ಏನೂ ಉಳಿಯುವುದಿಲ್ಲವೆಂದು ಹೆದರಿದ್ದ ಮನುಷ್ಯ, ಕಪ್ಪು ಹುಬ್ಬಿನ ಕೆಳಗಿಂದ ನನ್ನ ಕಡೆ ಒಮ್ಮೆ ನೋಡಿದರು.

ನಾನು ಪಲ್ಲವಿ ಕಲಿಸಿದೆ. "ತೋಪಿನ ಗಾಳಿ ಮೆಲ್ಲಗೆ ಬಾ, ಎಲೆಯೇ ಸದ್ದು ಮಾಡದಿರು." ಚಿಕ್ಕವರಿಗೆ ಕಿವಿಯಲ್ಲಿ ಹೇಳಿಕೊಡಬಹುದು, ಬಾತ್‌ರೂಮಿಗೆ ಹೋಗಬೇಕಾದರೆ ಕಿರುಬೆರಳು ತೋರಿಸಿ ಎದ್ದು ಹೋಗಬಹುದು, ನಗು ಬಂದರೆ ನಗಬಹುದು ಎಂದೆ. ಒಂದೇ ಒಂದು ಕೆಲಸ ಅವರದು: ರಾಕ್ಷಸ ಕಣ್ಣು ಮುಚ್ಚಿದಾಗ ಮೆಲ್ಲಗೆ ಹಾಡಬೇಕು. ಅವನು ನಿದ್ದೆ ಹೋದ ಮೇಲೆ ಅವನೇ ಏಳುವ ತನಕ ಎಬ್ಬಿಸಬಾರದು.

ನಾಟಕ ಸಲೀಸಾಗಿ ಓಡಿತು ಎಂದು ಹೇಳಲಾರೆ. ಒಂದು ಮಗು ಅತ್ತಿತು, ಎರಡು ಸಾಲು ಒಟ್ಟಿಗೇ ಕಿರುಬೆರಳು ತೋರಿಸಿಕೊಂಡು ಹೊರಗೆ ಹೋದವು, ಯಾರದೋ ಅಪ್ಪ ಫೋನಿನಲ್ಲಿ ಮಾತಾಡುತ್ತಲೇ ಇದ್ದರು. ಆದರೆ ಚರಣ ಮುಗಿದ ಕೂಡಲೇ ಪಿಸುಮಾತು ಏಳುತ್ತಿತ್ತು, ಹಾಡು ಶುರುವಾದರೆ ಇಳಿಯುತ್ತಿತ್ತು. ಅಣ್ಣ ಅದಕ್ಕಾಗಿ ಕಾಯುತ್ತಿದ್ದರು. ಗೌಡ ಪಂಚೆ ಬಿಟ್ಟು ಓಡಿದಾಗ ಸಭಾಂಗಣ ಬಿದ್ದು ಬಿದ್ದು ನಕ್ಕಿತು.

ಜೋಗುಳ ಬಂತು. ಅಣ್ಣ ರಂಗದ ಮುಂಭಾಗದಲ್ಲಿ ಮಲಗಿದರು. ಮಕ್ಕಳು ಹಾಡಿದರು, ದನಿ ಇಳಿಸುತ್ತ ಹೋದರು, ನಿಲ್ಲಿಸಿದರು. ಮೌನ. ಆ ಮೌನವನ್ನು ನಾನು ಸೈಡ್‌ವಿಂಗಿನಲ್ಲಿ ನಿಂತು ಕೇಳಿದೆ.

"ಬೆಳಗಾಯಿತೇ?" ಬರಲಿಲ್ಲ.

ಮೌನ ಚೆನ್ನಾಗಿದೆಯೆಂದು ಎಳೆಯುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಎದೆಯ ಮೇಲಿದ್ದ ಅವರ ಕೈ ಜಾರಿ ಹಲಗೆಯ ಮೇಲೆ ಬಿತ್ತು. ಹಣೆಯ ಹಳದಿ ಬಣ್ಣದಲ್ಲಿ ಬೆವರು ಗೆರೆ ಕೊರೆದು ಇಳಿಯುತ್ತಿತ್ತು. ಆಗ ಹೊಳೆಯಿತು: ಗ್ರೀನ್ ರೂಮಿನಲ್ಲಿ ಅವರ ಇಡ್ಲಿ ಪೊಟ್ಟಣ ದಾರ ಬಿಚ್ಚದೆ ಹಾಗೇ ಇತ್ತು. ಅವರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡು, ತಿಂಡಿ ತಿಂದು, ಆಮೇಲೆ ಬಣ್ಣಕ್ಕೆ ಕೂರುವುದು ಅವರ ಕ್ರಮ. ಇವತ್ತು ಚುಚ್ಚಿಕೊಂಡವರೇ ಏನೂ ತಿನ್ನದೆ ಬಣ್ಣಕ್ಕೆ ಬೇಗ ಬಂದಿದ್ದರು. ತಿಂಡಿಯ ಹೊತ್ತನ್ನು ನನ್ನ ಯೋಜನೆ ತಿಂದುಹಾಕಿತ್ತು.

ಪರದೆ ಬಿಡುವಂತಿರಲಿಲ್ಲ. ಅವರು ಪರದೆಯ ಗೆರೆಗಿಂತ ಮುಂದೆ ಮಲಗಿದ್ದರು. ಕೂಗಿ ಜನ ಸೇರಿಸಿದರೆ ಇಷ್ಟು ಚಿಕ್ಕ ಮಕ್ಕಳು ಒಮ್ಮೆಲೇ ಎದ್ದು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಚಹಾಕ್ಕೆಂದು ಇಟ್ಟಿದ್ದ ಸಕ್ಕರೆಯನ್ನು ಒಂದು ಚೊಂಬು ನೀರಿಗೆ ಸುರಿದು ಕಲಕಿದೆ. ಒಬ್ಬ ನಟನಿಗೆ ಆಟೊ ತರಲು ಹೇಳಿದೆ. ಹಾರ್ಮೋನಿಯಂನವರಿಗೆ ಶ್ರುತಿ ಬಿಡಬೇಡಿ ಎಂದು ಸನ್ನೆ ಮಾಡಿ, ಪಾತ್ರದವಳ ಹಾಗೆ ನಿಧಾನವಾಗಿ ನಡೆದು ರಂಗಕ್ಕೆ ಹೋದೆ.

ಮಂಡಿಯೂರಿ ಕೂತು "ಅಣ್ಣಾ" ಎಂದೆ. ಮೈ ತಣ್ಣಗಿತ್ತು. ರೆಪ್ಪೆ ತೆರೆಯಿತು, ತುಟಿ ಅಲುಗಿತು. ಕಿವಿ ಹತ್ತಿರ ತಂದೆ. "ಸಕ್ರೆ" ಅಂದರು. ಸಭಾಂಗಣದಲ್ಲಿ ಚೂರು ಗದ್ದಲವಿದ್ದರೂ ಆ ಮಾತು ನನಗೆ ಕೇಳುತ್ತಿರಲಿಲ್ಲ. ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡು ಗುಟುಕುಗುಟುಕಾಗಿ ಕುಡಿಸಿದೆ. ನುಂಗಿದರು.

ಮುಂದಿನ ಸಾಲಿನಲ್ಲಿ ಒಂದು ಚಿಕ್ಕ ದನಿ ಏನೋ ಕೇಳಿತು. ಅಕ್ಕನ ಉತ್ತರ ಕೇಳಿಸಿತು: "ದಾಹಮಂಟ." ಬಾಯಾರಿಕೆಯಂತೆ.

ರಾಕ್ಷಸನಿಗೆ ಎಚ್ಚರವಾಗಿಬಿಟ್ಟಿದೆ ಎಂದು ಅವರು ತಿಳಿದರು. ಎಚ್ಚರವಾದರೆ ಮತ್ತೆ ಮಲಗಿಸಬೇಕಲ್ಲ. ಯಾರು ಮೊದಲು ಶುರು ಮಾಡಿದರೋ ಕಾಣೆ, ಪಲ್ಲವಿ ಎದ್ದಿತು. ಪಿಸುದನಿಯಲ್ಲಿ, ಸಾಲಿನಿಂದ ಸಾಲಿಗೆ. ಟೀಚರುಗಳು ಹೇಳಿರಲಿಲ್ಲ, ನಾನು ಹೇಳಿರಲಿಲ್ಲ. ತಬಲದವರು ಬೆರಳ ತುದಿಯಲ್ಲಿ ತಾಳ ಹಿಡಿದರು. ಆ ಮಕ್ಕಳ ದನಿಯೊಳಗೆ ಕೂತು ನಾನು ಅಣ್ಣನ ಹಣೆ ಒರೆಸುತ್ತಿದ್ದೆ. 

ಕೊನೆಗೆ ಅವರ ಬೆರಳುಗಳು ನನ್ನ ಮಣಿಕಟ್ಟನ್ನು ಹಿಡಿದು ಅದುಮಿದವು. ಹಾಡು ಇಳಿಯುವುದನ್ನು ಕಾದರು. ಪೂರ್ತಿ ನಿಂತ ಮೇಲೆ, ಮಲಗಿದಲ್ಲಿಂದಲೇ, ಮೈಕ್ ಬೇಡದ ಆ ಗಂಟಲಿನಿಂದ ಎಳೆಯಷ್ಟು ದನಿ ಬಂತು.

"ಬೆಳಗಾಯಿತೇ?"

"ಆಯ್ತೂ!" ಎಂದು ಇಡೀ ಸಭಾಂಗಣ ಕೂಗಿಕೊಂಡಿತು.

ಮಕ್ಕಳು ಸಾಲಾಗಿ ಹೊರಗೆ ಹೋಗುವಷ್ಟರಲ್ಲಿ ನಾವು ಅಣ್ಣನನ್ನು ಹಿಂದಿನ ಬಾಗಿಲಿಂದ ಆಟೊಗೆ ಕೂರಿಸಿದ್ದೆವು. ಆಸ್ಪತ್ರೆಯಲ್ಲಿ ಅರೆಬಣ್ಣದ ಮುಖ ಕಂಡು ನರ್ಸ್ ಒಂದು ಹೆಜ್ಜೆ ಹಿಂದೆ ಸರಿದಳು. ಡ್ರಿಪ್ ಹಾಕಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ನನ್ನನ್ನು ನೋಡಿ ಹೇಳಿದರು. ಅದನ್ನು ನಾನು ಹೊತ್ತುಕೊಂಡೆ.

ಮಧ್ಯಾಹ್ನ ಅವರು ಅನ್ನ ತಿಂದು ದಿಂಬಿಗೆ ಒರಗಿದ ಮೇಲೆ ಹೇಳಿದೆ. "ನನ್ನಿಂದ ಆಗಿದ್ದು ಅಣ್ಣಾ. ಬೇಗ ಬರಬೇಕಾಯ್ತು, ತಿಂಡಿ ತಪ್ಪಿತು."

"ತಿನ್ನದೆ ಇದ್ದೋನು ನಾನು. ಹುಡುಗ್ರೆದುರು ಬಣ್ಣ ಹಚ್ಬೇಕಲ್ಲ ಅಂತ ಭಯ. ಗಂಟಲಲ್ಲಿ ಇಳೀಲಿಲ್ಲ." ಕಣ್ಣು ಮುಚ್ಚಿದರು. ನಿದ್ದೆ ಬಂತೇನೋ ಎಂದು ಎದ್ದೆ.

"ಮಧ್ಯೆ ಹಾಡಿದ್ರಲ್ಲ, ನೀನು ಹೇಳಿಕೊಟ್ಟಿದ್ದಾ?"

"ಇಲ್ಲಣ್ಣಾ. ಅವರೇ ಹಾಡಿದ್ದು."

"ಶ್ರುತಿ ಪೂರ್ತಿ ಬಿಟ್ಟಿದ್ರು" ಅಂದರು.  "ಆದ್ರೂ ನೋಡು, ನಾನು ಸರಿಹೋಗೋ ತನಕ ಒಬ್ರೂ ನಿಲ್ಲಿಸ್ಲಿಲ್ಲ."